ರೇವಂತನ ಟರ್ನು

"ಒತ್ತೋ ಬೇಗ," ಅಂದಳು ಕವನಾ.

ರೇವಂತ್ ಒತ್ತಲಿಲ್ಲ. ಕಂಪ್ಯೂಟರ್ ಸ್ಕ್ರೀನ್ ಮೇಲೆ ಅವನ ಎರಡು ಕುದುರೆ, ಒಂದು ಆನೆ ಹೊಳೆ ಪಕ್ಕದಲ್ಲಿ ಅಲ್ಲಾಡದೆ ನಿಂತಿದ್ದವು. ಆಚೆ ದಡದಲ್ಲಿ ಕವನಾಳ ಕೋಟೆ. ಅವನು ಗಲ್ಲಕ್ಕೆ ಕೈ ಕೊಟ್ಟುಕೊಂಡು ನೋಡುತ್ತಲೇ ಇದ್ದ.

ಆ ಗೇಮ್ ಇರುವುದೇ ಹಾಗೆ. ಒಬ್ಬರು ತಮ್ಮ ಸೈನ್ಯ ನಡೆಸಿ ‘ಎಂಡ್ ಟರ್ನ್’ ಬಟನ್ ಒತ್ತಬೇಕು. ಆಮೇಲೇ ಇನ್ನೊಬ್ಬರ ಸರದಿ. ಒತ್ತದೇ ಇದ್ದರೆ? ಊಟ ಮಾಡಿ ಬನ್ನಿ, ಒಂದು ನಿದ್ದೆ ತೆಗೆದು ಬನ್ನಿ, ಕತ್ತಿ ಎತ್ತಿದ ಶತ್ರು ಎತ್ತಿಕೊಂಡೇ ನಿಂತಿರುತ್ತಾನೆ. ರೇವಂತನ ಸೋದರಮಾವ ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ಹಳೇ ಗೇಮ್ ಅದು, ಸಿಡಿ ಹಾಕಿದರೇ ಶುರುವಾಗುವುದು. ಅದರಲ್ಲಿ ರಾಜನ ಮುಖವೂ ಬೆಂಕಿಪೊಟ್ಟಣದ ಥರ ಚೌಕವಾಗಿತ್ತು.

ಕವನಾಗೆ ಕಾಯೋದು ಅಂದರೆ ಆಗಿಬರಲ್ಲ. ತನ್ನ ಸರದಿ ಬಂದ ತಕ್ಷಣ ಇದ್ದಬದ್ದ ಸೈನ್ಯವನ್ನೆಲ್ಲ ಮುಂದಕ್ಕೆ ನುಗ್ಗಿಸುತ್ತಾಳೆ. ರೇವಂತ್ ಹಿಂದಿನಿಂದ ಬಂದು ಖಾಲಿ ಕೋಟೆ ಹಿಡಿಯುತ್ತಾನೆ. ಸೋತಾಗಲೆಲ್ಲ ಅವಳು ಇದು ಡಬ್ಬಾ ಗೇಮ್ ಅನ್ನುತ್ತಾಳೆ. ಮಾರನೇ ದಿನ ಸ್ಕೂಲ್ ಬಿಟ್ಟ ಕೂಡಲೇ ಆ ಡಬ್ಬಾ ಗೇಮ್ ಆಡೋಕೇ ಮಾರೇನಹಳ್ಳಿಯ ಅವನ ಮನೆಗೆ ಓಡಿಬರುತ್ತಾಳೆ.

ರೇವಂತನಿಗೆ ಮಾತು ತಡವರಿಸುತ್ತದೆ. ಮೊದಲ ಅಕ್ಷರ ಹೊರಡುತ್ತದೆ, ಮಿಕ್ಕಿದ್ದು ಹಿಂದೆ ಉಳಿದುಬಿಡುತ್ತದೆ. ಐದನೇ ಕ್ಲಾಸಿನಲ್ಲಿ ಅವನ ಪಕ್ಕ ಕೂರುವ ಕವನಾ ಇದಕ್ಕೊಂದು ಒಳ್ಳೇ ಉಪಾಯ ಕಂಡುಹಿಡಿದಿದ್ದಳು. ಅವನು ಎದ್ದು ನಿಂತು "ಮಿ... ಮಿಸ್" ಅನ್ನುವಷ್ಟರಲ್ಲಿ, ನೀರು ಕುಡಿಯೋಕೆ ಹೋಗ್ಬೇಕಂತೆ ಮಿಸ್ ಅಂತ ಇವಳೇ ಮುಗಿಸಿಬಿಡುವಳು. ಅವನು ಹೇಳಬೇಕಿದ್ದದ್ದು ಬೇರೇನೋ. ಆದರೂ ಪಾಪ, ಹೋಗಿ ನೀರು ಕುಡಿದು ಬರುತ್ತಿದ್ದ. ತನ್ನಂಥ ಫ್ರೆಂಡ್ ಸಿಕ್ಕಿದ್ದು ಅವನ ಪುಣ್ಯ ಅಂತ ಕವನಾ ನಂಬಿದ್ದಳು.

ಮನೆಯಲ್ಲೂ ಅಷ್ಟೇ. ರೇವಂತನ ಅಪ್ಪ ಕಾಂತರಾಜು ಮನೆ ಕೆಳಗೇ ಫ್ಲೋರ್ ಮಿಲ್ ಇಟ್ಟಿದ್ದರು. ಮಿಷನ್ ಸದ್ದಿನಲ್ಲಿ ಯಾರ ಮಾತೂ ಪೂರ್ತಿ ಕೇಳಿಸುವುದಿಲ್ಲ. ಹಾಗಾಗಿ ಅವರು ಡಬ್ಬದ ಮುಚ್ಚಳ ತೆಗೆದು ನೋಡಿ, ರಾಗಿ, ನುಣ್ಣಗೆ, ಸಂಜೆಗೆ ಅಂತ ಗಿರಾಕಿಗಳ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು. ಅದೇ ಅಭ್ಯಾಸ ಮೆಟ್ಟಿಲು ಹತ್ತಿ ಮನೆಗೂ ಬಂದಿತ್ತು.

ಆ ಸಂಜೆ ಅವರು ಮೈಯೆಲ್ಲ ಹಿಟ್ಟು ಮಾಡಿಕೊಂಡು ಮೇಲೆ ಬಂದರು. ಆಯುಧಪೂಜೆ ಹತ್ತಿರ ಬಂತು, ಮಿಲ್ಲು, ಸ್ಕೂಟರ್ ಎಲ್ಲ ತೊಳೀಬೇಕು ಅಂದರು. ಈ ಕಂಪ್ಯೂಟರ್ ಸರಿಯಾಗಿದೆಯಾ ಅಂತ ಮಗನನ್ನು ಕೇಳಿದರು.

"ಅಪ್ಪಾ, ಈ ಕಂ... ಕಂ..." ಅಂದ ರೇವಂತ್.

"ಕಂಪ್ಯೂಟರ್ ಹಳೇದಾಯ್ತು, ಹೊಸದು ಬೇಕಂತೆ ಅಂಕಲ್," ಅಂದಳು ಕವನಾ.

ಕಾಂತರಾಜು ಮುಖ ಅರಳಿತು. ಮಗ ಇಷ್ಟು ದಿನಕ್ಕೆ ಬಾಯಿಬಿಟ್ಟು ಏನೋ ಕೇಳಿದ್ದಾನೆ. ಬಿಟ್ಟದ್ದು ಯಾರ ಬಾಯಿ ಅಂತ ಅವರು ನೋಡಲಿಲ್ಲ. ಹಳೇದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು, ಹಬ್ಬಕ್ಕೆ ಹೊಸದು ತಂದು ಪೂಜೆ ಮಾಡೋಣ ಅಂದರು. ರೇವಂತ್ ಬೇಡ ಅಂತ ತಲೆ ಅಲ್ಲಾಡಿಸುವುದರೊಳಗೆ ಅವರು ಮೆಟ್ಟಿಲಿಳಿದು ಹೋಗಿಯೂ ಆಗಿತ್ತು.

"ನೋಡಿದ್ಯಾ? ನಾನಿಲ್ದೇ ಹೋಗಿದ್ರೆ ಏನೋ ಗತಿ ನಿಂದು?" ಅಂತ ಕವನಾ ಬೀಗಿದಳು.

ಮಾರನೇ ದಿನ ರೇವಂತ್ ಬೇರೆ ಬೆಂಚಿಗೆ ಹೋಗಿ ಕೂತ. ಕವನಾ ಅಲ್ಲಿಗೂ ಹೋದಳು. ಜ್ವರಾನಾ, ಹೊಟ್ಟೆನೋವಾ, ಹೋಮ್‌ವರ್ಕ್ ಮಾಡಿಲ್ವಾ ಅಂತ ಒಂದೇ ಉಸಿರಿಗೆ ಕೇಳಿದಳು. ಕೊನೆಗೆ ಅವನು ಅವಳ ಬಾಯಿಗೆ ಕೈ ಅಡ್ಡ ಹಿಡಿದೇ ಹೇಳಬೇಕಾಯಿತು. ಹೊಸ ಕಂಪ್ಯೂಟರ್‌ನಲ್ಲಿ ಸಿಡಿ ಹಾಕೋ ಜಾಗಾನೇ ಇರಲ್ಲ. ಆ ಗೇಮ್ ಇನ್ನು ಬರಲ್ಲ.

ಕವನಾಗೆ ಅಳು ಬಂತು. ಮಾಡಿದ್ದೆಲ್ಲ ತಾನೇ. ಇವತ್ತೇ ಬಂದು ಅಂಕಲ್ ಹತ್ತಿರ ಎಲ್ಲ ಹೇಳಿಬಿಡ್ತೀನಿ ಅಂದಳು.

"ಬೇ... ಬೇಡ. ನಾ... ನಾನೇ," ಅಂದ ರೇವಂತ್.

ಶನಿವಾರ ಮಿಲ್ ನಿಲ್ಲಿಸಿ ತೊಳೆಯುತ್ತಿದ್ದರು. ಕಂಪ್ಯೂಟರ್ ಅಂಗಡಿಯ ವೆಂಕಟಗಿರಿ ಹೊಸದನ್ನು ಮನೆಗೆ ತಂದು, ಕಾಂತರಾಜು ಎದುರಿಗೇ ಹಳೇದರ ವೈರ್ ಕಿತ್ತು ಕೈಯಲ್ಲಿ ಹಿಡಿದಿದ್ದರು. ಕವನಾ ಬಾಗಿಲ ಹತ್ತಿರ ನಿಂತಿದ್ದಳು. ರೇವಂತ್ ಹೋಗಿ ಹಳೇ ಕಂಪ್ಯೂಟರ್ ಮುಂದೆ ನಿಂತ.

"ಅಪ್ಪಾ, ನ... ನನಗೆ..."

"ಇನ್ನೂ ದೊಡ್ಡ ಸ್ಕ್ರೀನ್ ಬೇಕಾ?" ಅಂದರು ಕಾಂತರಾಜು.

ಸಿಡಿ ವಿಷಯ ಕವನಾಳ ನಾಲಿಗೆ ತುದಿಗೆ ಬಂದಿತ್ತು. ಅವಳು ಅದನ್ನು ಕಷ್ಟಪಟ್ಟು ನುಂಗಿದಳು.

"ಅಂಕಲ್, ಅವನಿನ್ನೂ ಹೇಳ್ತಾ ಇದಾನೆ," ಅಂದಳು, ಅಷ್ಟೇ.

ಕಾಂತರಾಜು ಸುಮ್ಮನಾದರು. ಮಿಷನ್ ಸದ್ದು ಇರಲಿಲ್ಲ. ರೇವಂತ್ ಅವಸರ ಮಾಡಲಿಲ್ಲ.

"ಹೊ... ಹೊಸದು ಬೇಡ ಅಪ್ಪಾ. ಈ ಗೇಮ್‌ನಲ್ಲಿ ನಾ... ನಾನು ಮುಗಿಸೋವರೆಗೂ ಯಾ... ಯಾರೂ ಮುಂದೆ ಹೋಗಲ್ಲ."

ಕಾಂತರಾಜು ಒದ್ದೆ ಕೈಯನ್ನು ಒರೆಸಿಕೊಂಡರು. ಆಮೇಲೆ ಆ ವೈರ್ ಮತ್ತೆ ಹಾಕಿಬಿಡಿ ಅಂತ ವೆಂಕಟಗಿರಿಗೆ ಹೇಳಿ, ಕುರ್ಚಿ ಎಳೆದುಕೊಂಡು ಕೂತರು.

"ಇನ್ನೇನಾದ್ರೂ ಹೇಳೋದಿದ್ಯೇನಪ್ಪಾ?"

ರೇವಂತ್ ಹೂಂ ಅಂದ.

ಅವನು ಸಿಡಿ ವಿಷಯವೇ ಹೇಳುತ್ತಾನೆ ಅಂತ ಕವನಾ ಅಂದುಕೊಂಡಿದ್ದಳು. ಅವನು ಅದನ್ನು ಎತ್ತಲೇ ಇಲ್ಲ.

"ಮ..." ಅಂದ ರೇವಂತ್. "ಮ..."

‘ಮ’ದಿಂದ ಶುರುವಾಗುವ ಮಾತುಗಳು ಕವನಾಗೆ ಬೇಕಾದಷ್ಟು ಗೊತ್ತಿದ್ದವು. ಇದು ಯಾವುದು ಅಂತ ಗೊತ್ತಿರಲಿಲ್ಲ. ಅವಳು ಕಾದಳು.