ಕೊನೆಯ ಚರಣ

ಅವಳ ಹಾಡು ಶುರುವಾದರೆ ಸಾಕು, ಕ್ಲಬ್ಬಿನಲ್ಲಿ ಯಾರ ಕಾಲೂ ನಿಲ್ಲುತ್ತಿರಲಿಲ್ಲ. ಡಿಸ್ಕೊ ರಾಣಿ ಎಂದೇ ಹೆಸರಾಗಿತ್ತು. ಹಾಡಿಗೆ ಕುಣಿಯುವವರು ಊರ ತುಂಬ, ರಾಣಿಗೆ "ಊಟ ಆಯ್ತಾ?" ಎನ್ನುವವರು ಮಾತ್ರ ಒಬ್ಬರೂ ಇಲ್ಲ. ಅಕ್ಕ ಅಪರೂಪಕ್ಕೆ ಫೋನ್ ಮಾಡಿದರೂ ಮಗಳ ಗೆಳತಿಯರಿಗೆ ಪಾಸ್ ಸಿಗುತ್ತದಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಆ ಮಧ್ಯಾಹ್ನ ಜಗಳ ಆಡಿಯೇ ತೀರುವುದೆಂದು ಕ್ಲಬ್ಬಿಗೆ ಬಂದಳು. ಆಗಷ್ಟೇ ಒರೆಸಿದ ನೆಲ ಇನ್ನೂ ಒದ್ದೆಯಾಗಿತ್ತು. ಡೀಜೆ ಒಬ್ಬನೇ ಕೂತು ರೆಕಾರ್ಡುಗಳ ಧೂಳು ತೆಗೆಯುತ್ತಿದ್ದ.

"ನನ್ನ ಹಾಡಿನ ಕೊನೇ ಚರಣ ಪ್ರತಿ ಸಲ ಯಾಕ್ರೀ ಕತ್ತರಿಸ್ತೀರ?"

ಆ ಚರಣದಲ್ಲಿ ಡ್ರಮ್ಸ್ ನಿಂತು ಅವಳ ದನಿಯೊಂದೇ ಉಳಿಯುತ್ತಿತ್ತು. ರೆಕಾರ್ಡ್ ಕಂಪನಿಯವರ ಕೈಕಾಲು ಹಿಡಿದು ಉಳಿಸಿಕೊಂಡದ್ದು. ಮಿಕ್ಕದ್ದೆಲ್ಲ ಕುಣಿಯುವವರಿಗೆ, ಅದೊಂದನ್ನಾದರೂ ಯಾರಾದರೂ ನಿಂತು ಕೇಳಲಿ ಎಂಬ ಆಸೆ.

ಅವನ ಕಿವಿ ಕೆಂಪಾಯಿತು. "ಬೀಟ್ ನಿಂತ್ರೆ ಫ್ಲೋರ್ ಖಾಲಿ ಆಗುತ್ತೆ, ಮೇಡಂ."

"ಆಗ್ಲಿ! ನಿಮ್ಮ ಗಂಟೇನು ಹೋಗುತ್ತೆ?"

"ನೀವು ಆ ಕಂಬದ ಹಿಂದೆ ನಿಂತಿರ್ತೀರಲ್ಲ... ಜನ ಬೆನ್ನು ತಿರುಗಿಸೋದನ್ನ ನೀವು ನೋಡಬಾರದು ಅಂತ."

ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ತನ್ನ ಹಾಡು ಕೇಳಲು ಬರುವ ತನ್ನನ್ನು ಯಾರೂ ಗುರುತಿಸಿಲ್ಲ ಎಂದೇ ಅವಳು ನಂಬಿದ್ದಳು.

"ಇವತ್ತು ಪೂರ್ತಿ ಹಾಕಿ. ನೋಡ್ತೀನಿ," ಎಂದಳು ಮೆಲ್ಲಗೆ.

ಸಂಜೆ ಹಾಕಿದ. ಡ್ರಮ್ಸ್ ನಿಂತಿತು. ಅವನು ಹೇಳಿದಂತೆಯೇ ಆಯಿತು. ಒಬ್ಬ ನೀರಿಗೆ ಹೋದ, ಹುಡುಗಿಯರಿಬ್ಬರು ಚಪ್ಪಲಿ ಕಳಚಿ ಕೂತರು, ಉಳಿದವರು ಹರಟೆಗಿಳಿದರು. ಬರಿದಾದ ನೆಲದ ಮೇಲೆ ಬಣ್ಣದ ದೀಪ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಇಷ್ಟು ವರ್ಷ ತಾನು ಹಾಡಿದ್ದಾದರೂ ಯಾರಿಗೆ?

ಹೊರಟುಬಿಡೋಣ ಎಂದು ತಿರುಗಿದರೆ ಎದುರಿಗೇ ಡೀಜೆ! ಹಾಡಿನ ನಡುವೆ ಬೂತ್ ಬಿಟ್ಟು ಇಳಿದ ಡೀಜೆಯನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವನು ಕೈ ಚಾಚಿದ.

"ನಂಗೆ ಕುಣಿಯೋಕೆ ಬರಲ್ಲ," ಎಂದ.

ಅವಳಿಗೆ ಅಳುವಿನ ಜೊತೆ ನಗುವೂ ಬಂತು. "ಯಾರಿಗೂ ಹೇಳ್ಬೇಡಿ. ನಂಗೂ ಬರಲ್ಲ."

ಖಾಲಿ ಫ್ಲೋರಿನ ನಡುವೆ ಇಬ್ಬರೂ ಕೈ ಹಿಡಿದು ಸುಮ್ಮನೆ ನಿಂತರು. ಅವನು ಕಣ್ಣು ಮುಚ್ಚಿ ಕೇಳಿದ, ಹಾಡಿನ ಕೊನೆಯ ಉಸಿರಿನವರೆಗೂ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಹಾಡು ಮುಗಿಯಿತು. ಸ್ಪೀಕರಿನಲ್ಲಿ ಬರೀ ಕರಕರ. "ಏಯ್ ಡೀಜೆ, ನಿದ್ದೆ ಹೋದ್ಯಾ?" ಎಂದು ಯಾರೋ ಕೂಗಿದರು, ಇನ್ಯಾರೋ ಸಿಳ್ಳೆ ಹಾಕಿದರು.

"ಹೋಗ್ರೀ, ಮುಂದಿನ ಹಾಡು ಹಾಕಿ. ಬೈತಿದಾರೆ."

"ಬೈಲಿ," ಎಂದ ಅವನು. "ಈ ಕೈ ಬಿಟ್ಟು ಹೋಗೋಕೆ ನಂಗೆ ಮನಸ್ಸಿಲ್ಲ."