ಹಕ್ಕಿ, ಚಹಾ ರೆಡಿ!

ಢಣ್... ಢಣ್!

ಕಾಲಡಿಯ ತಗಡಿನ ಮುಚ್ಚಳವನ್ನು ಯಾರೋ ಕೆಳಗಿನಿಂದ ಬಡಿದರು. ಅವಳು ಕೂತಲ್ಲೇ ಬೆಚ್ಚಿಬಿದ್ದಳು.

ಬೆಚ್ಚದೆ ಇನ್ನೇನು? ಅವಳು ಕೂತಿದ್ದದ್ದು ಕಟ್ಟಡ ಕಟ್ಟುವ ದೊಡ್ಡ ಕ್ರೇನಿನ ತುತ್ತತುದಿಯಲ್ಲಿ, ಗಾಜಿನ ಪುಟ್ಟ ಕ್ಯಾಬಿನ್ನಿನಲ್ಲಿ. ಕ್ರೇನ್ ನಡೆಸುವ ಅವಳನ್ನು ಬಿಟ್ಟರೆ ಅಲ್ಲಿಗೆ ಬರುತ್ತಿದ್ದುದು ಗಾಳಿ ಮಾತ್ರ.

ಮುಚ್ಚಳ ಎತ್ತಿದಳು. ಮೊದಲು ಒಂದು ಕೈ ಬಂತು. ಆಮೇಲೆ ಕೊರಳಿಗೆ ನೇತುಹಾಕಿಕೊಂಡ ಫ್ಲಾಸ್ಕ್. ಆಮೇಲೆ ಬೆವರಿನಲ್ಲಿ ತೊಯ್ದ ಒಂದು ಮುಖ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿವೆ!

“ಮೇಲೆ ಬಂದ್ನಾ?” ಎಂದಿತು ಆ ಮುಖ.

ಆ ದನಿ ಅವಳಿಗೆ ಗೊತ್ತು.

‘ಎತ್ತಿ... ನಿಧಾನ... ಎಡಕ್ಕೆ... ಸಾಕು’ ಎಂದು ತಿಂಗಳುಗಟ್ಟಲೆ ವಾಕಿಟಾಕಿಯಲ್ಲಿ ಕೇಳಿದ ದನಿ. ಅವನು ಕೆಳಗೆ ನಿಂತು ದಾರಿ ಹೇಳಬೇಕು, ಅವಳು ಮೇಲಿಂದ ಭಾರ ಎತ್ತಬೇಕು. ವಾಕಿಟಾಕಿಯಲ್ಲಿ ಅವಳ ಹೆಸರು ‘ಹಕ್ಕಿ’, ಅವನದು ‘ನೆಲ’. ಎಲ್ಲರಿಗಿಂತ ಮೊದಲು ಹತ್ತಿ, ಎಲ್ಲರೂ ಹೋದಮೇಲೆ ಇಳಿಯುವ ಅವಳಿಗೆ ಅವನು ದೂರದ ಒಂದು ಕಿತ್ತಳೆ ಚುಕ್ಕೆ, ಅಷ್ಟೇ.

“ನೀವು... ನೆಲ ಅಲ್ವಾ?”

“ಸದ್ಯಕ್ಕೆ ಅಲ್ಲ. ನೆಲ ಬಿಟ್ಟು ಬಹಳ ಹೊತ್ತಾಯ್ತು!”

ಅವಳಿಗೆ ನಗು ತಡೆಯಲಾಗಲಿಲ್ಲ. ಕೈಹಿಡಿದು ಎಳೆದು ಕೂರಿಸಿದಳು.

“ಕಣ್ಣು ಬಿಡಿ.”

“ಬಿಡಲ್ಲ. ಸ್ಟೂಲ್ ಹತ್ತಿದ್ರೂ ತಲೆ ತಿರುಗುತ್ತೆ ನನಗೆ.”

“ಮತ್ತೆ ಇಲ್ಲಿಗ್ಯಾಕೆ ಬಂದ್ರಿ?”

“ಒಂದು ದಿನಾನೂ ನೀವು ಚಹಾಕ್ಕೆ ಇಳಿದು ಬರಲಿಲ್ಲ. ಇವತ್ತು ಮಂಜಿಗೆ ಕೆಲಸ ನಿಂತಿದೆ. ಚಹಾನೇ ನಿಮ್ಮ ಹತ್ರ ಬರಲಿ ಅಂತ...”

ಇಳಿದು ಮತ್ತೆ ಹತ್ತುವಷ್ಟರಲ್ಲಿ ಚಹಾದ ಬಿಡುವು ಮುಗಿದೇ ಹೋಗುತ್ತದೆ. ಹಾಗಾಗಿ ಅವಳು ಇಳಿಯುತ್ತಿರಲಿಲ್ಲ. ಕೆಳಗಿನವರು ಅವಳಿಗೆ ಜಂಬ ಎಂದುಕೊಂಡಿದ್ದರು. ಅವಳ ಅಮ್ಮನಂತೂ, “ಮುಗಿಲಲ್ಲಿ ಹೋಗಿ ಕೂತವಳಿಗೆ ಜೊತೆ ಯಾರು ಸಿಗ್ತಾರೆ?” ಎಂದು ಗೊಣಗದ ದಿನವಿರಲಿಲ್ಲ.

“ಕಣ್ಣು ಬಿಡಿ,” ಎಂದಳು ಮೆಲ್ಲಗೆ. “ನಾನಿದೀನಲ್ಲ.”

ಅವನು ಕಣ್ಣು ಬಿಟ್ಟ.

ಕೆಳಗೆ ಊರೇ ಇರಲಿಲ್ಲ! ಬೀದಿ, ಮನೆ, ಸೇತುವೆ ಎಲ್ಲವನ್ನೂ ಮಂಜು ನುಂಗಿಬಿಟ್ಟಿತ್ತು. ಕಣ್ಣು ಹರಿದಷ್ಟು ದೂರವೂ ಬೆಳ್ಳಗೆ, ಮಟ್ಟಸವಾಗಿ, ಹಾಸಿಗೆಯ ಮೇಲೆ ಆಗಷ್ಟೇ ಕೊಡವಿ ಹಾಸಿದ ಹೊದಿಕೆಯ ಹಾಗೆ. ಆಚೆ ತುದಿಯಲ್ಲಿ ಸೂರ್ಯ ಎದ್ದ. ಆ ಬಿಳುಪಿಗೆಲ್ಲ ನಿಧಾನವಾಗಿ ಬಣ್ಣ ಬಂತು.

ಅವನು ಹೆದರುವುದನ್ನೇ ಮರೆತ.

“ಇದು... ದಿನಾ ಹೀಗೇ ಇರುತ್ತಾ?”

“ಇಲ್ಲ. ನಾನೂ ನೋಡ್ತಿರೋದು ಇದೇ ಮೊದಲು.”

ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಇಬ್ಬರೂ ಸರದಿಯಂತೆ ಚಹಾ ಕುಡಿದರು. ‘ಇಷ್ಟು ದಿನ ಇಲ್ಲಿಂದ ಎಷ್ಟೆಲ್ಲ ನೋಡಿದೆ... ನೋಡು ಅಂತ ತೋರಿಸೋಕೆ ಯಾರೂ ಇರಲಿಲ್ಲವಲ್ಲ!’ ಎಂದುಕೊಂಡಳು. ಕಣ್ಣು ತುಂಬಿ ಬಂತು. ಬಿಸಿಲನ್ನು ನೆಪಮಾಡಿ ಒರೆಸಿಕೊಂಡಳು.

ಮರುದಿನದಿಂದ ಹೊಸ ಏರ್ಪಾಟು ಶುರುವಾಯಿತು. ಚಹಾದ ಹೊತ್ತಿಗೆ ಅವಳು ಉದ್ದದ ಹಗ್ಗ ಇಳಿಬಿಡುತ್ತಿದ್ದಳು. ಅವನು ತುದಿಗೆ ಚೀಲ ಕಟ್ಟುತ್ತಿದ್ದ, ಚೀಲದಲ್ಲಿ ಫ್ಲಾಸ್ಕ್. ಆಮೇಲೆ ಕೆಲಸಕ್ಕೆ ಬಳಸದ ಚಾನೆಲ್ಲಿಗೆ ಹೊರಳಿ, “ಹಕ್ಕಿ, ಚಹಾ ರೆಡಿ!” ಎನ್ನುತ್ತಿದ್ದ.

ವಾಕಿಟಾಕಿ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಿತ್ತು. ಅಂಗಡಿಯ ಅಕ್ಕ ಅದನ್ನು ಹಿಡಿದು ಊರ ಸುದ್ದಿಯೆಲ್ಲ ಹೇಳುವಳು. ಕಂಬಿ ಕಟ್ಟುವ ಅಣ್ಣ ಸೊರ್ ಎಂದು ಚಹಾ ಹೀರಿ, “ಕೇಳಿಸ್ತಾ ತಂಗಿ? ಇದು ಮೊದಲನೇ ಗುಟುಕು!” ಎನ್ನುವನು. ಅವಳು ಮೇಲೆ ಒಬ್ಬಳೇ ಬಿದ್ದು ಬಿದ್ದು ನಗುವಳು.

“ಅದ್ಸರಿ, ಬೆಂಚಿನ ತುದಿಯಲ್ಲಿ ಒಂದು ಹಳದಿ ಹೆಲ್ಮೆಟ್ ಕಾಣುತ್ತೆ. ಯಾರದು? ಯಾವತ್ತೂ ಬಾಯೇ ಬಿಡಲ್ಲ?” ಎಂದು ಒಮ್ಮೆ ಕೇಳಿದಳು.

ಕೆಳಗೆ ಏನೋ ಗುಸುಗುಸು.

“ಅವರಾ...” ಎಂದಿತು ಅವನ ದನಿ. “ಅವರ ಮಾತು ಆಮೇಲೆ ಕೇಳೋಣ.”

ಎಷ್ಟು ಚೆನ್ನಾಗಿತ್ತು ಎಲ್ಲವೂ! ಯಾರ ಕಣ್ಣು ಬಿತ್ತೋ...

ಕಟ್ಟಡ ಮೇಲೇರಿತು. ಕೆಲಸಗಾರರ ಲಿಫ್ಟ್ ಬಂತು. ಕಟ್ಟಡದಿಂದ ಕ್ರೇನಿಗೆ ಪುಟ್ಟ ಸೇತುವೆಯೂ ಆಯಿತು. ಅವತ್ತೇ ಅಕ್ಕ ವಾಕಿಟಾಕಿಯ ಗುಂಡಿ ಒತ್ತಿ ಕೂಗಿದಳು.

“ಏನೇ ಹುಡುಗಿ, ಇನ್ನೇನು ನೆಪ? ನಾಳೆಯಿಂದ ಇಳಿದು ಬಾ! ತಡಿ, ಇವನನ್ನೂ ಕೇಳ್ತೀನಿ. ಏನಯ್ಯ, ಅವಳು ಬರ್ತಾಳೆ ಅಂದ್ರೆ ಮುಖ ಯಾಕೆ ಹಂಗೆ ಮಾಡ್ಕೊಂಡೆ?”

ಮಾತಿನ ಭರದಲ್ಲಿ ಅಕ್ಕನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಅವನ ದನಿ ಸ್ಪಷ್ಟವಾಗಿ ಕೇಳಿಸಿತು.

“ಅವಳು ಇಲ್ಲಿ ಬಂದು ಕೂರೋದು ನನಗಿಷ್ಟ ಇಲ್ಲ...”

ಕಿರ್ರ್. ಹೆಬ್ಬೆರಳು ಜಾರಿತ್ತು. ಮುಂದೇನೂ ಕೇಳಿಸಲಿಲ್ಲ.

ಅವಳ ಕೈಯಲ್ಲಿದ್ದ ಚಹಾ ಆರಿಹೋಯಿತು.

‘ಮೇಲಿದ್ದರೆ ಚೆಂದ, ಪಕ್ಕಕ್ಕೆ ಬಂದರೆ ಬೇಡ... ಅಷ್ಟೇನಾ ನಾನು?’

ಮರುದಿನ “ಹಕ್ಕಿ, ಚಹಾ ರೆಡಿ!” ಎಂದಾಗ, “ಬೇಡ” ಎಂದಳು. ಹಗ್ಗ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ.

“ಏನಾಯ್ತು? ಹುಷಾರಿಲ್ವಾ?”

“ಕೆಲಸದ ಮಾತಿದ್ರೆ ಹೇಳಿ.”

ಆ ಕಡೆ ದನಿ ಕುಗ್ಗಿತು. “ಸರಿ... ಎತ್ತಿ. ನಿಧಾನ.”

ಬೇರೆ ಊರಿನ ದೊಡ್ಡ ಕೆಲಸಕ್ಕೆ ಅವಳನ್ನು ಕೇಳಿದ್ದರು. ಬರಲ್ಲ ಎನ್ನಬೇಕೆಂದಿದ್ದವಳು ಈಗ ಮನಸ್ಸು ಬದಲಿಸಿದಳು. ಆ ಶುಕ್ರವಾರ ಸಂಜೆ ಆಫೀಸಿಗೆ ಹೋಗಿ ಒಪ್ಪಿಗೆ ಹೇಳಬೇಕು. ಅಮ್ಮನಿಗೂ ಫೋನಿನಲ್ಲಿ ಹೇಳಿಯಾಯಿತು. ಅವನಿಗೆ ಮಾತ್ರ ಹೇಳಲಿಲ್ಲ.

ಶುಕ್ರವಾರ ಚಹಾದ ಹೊತ್ತಿಗೆ ಅಕ್ಕನ ದನಿ ಬಂತು.

“ಏನೇ, ನನ್ನ ಚಹಾ ಅಷ್ಟು ಕಹಿಯಾಯ್ತಾ? ಇವನು ನೋಡಿದ್ರೆ ಲೋಟ ಮುಟ್ಟದೆ ಕೂತಿರ್ತಾನೆ...”

ತಡೆದಿಟ್ಟದ್ದೆಲ್ಲ ಒಡೆದುಬಂತು.

“ಯಾಕಕ್ಕಾ ಸುಮ್ನೆ? ನಾನು ಬಂದು ಕೂರೋದು ಅವರಿಗೆ ಇಷ್ಟ ಇಲ್ವಲ್ಲ!”

“ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?”

“ಅವರೇ ಹೇಳಿದ್ರು! ನನ್ನ ಕಿವಿಯಾರೆ ಕೇಳಿದೀನಿ!”

ಕೆಳಗೆ ಅಕ್ಕ ಹಣೆ ಚಚ್ಚಿಕೊಂಡ ಸದ್ದು ವಾಕಿಟಾಕಿಯಲ್ಲೂ ಕೇಳಿಸಿತು!

“ಅಯ್ಯೋ ನನ್ನ ಹಾಳು ಹೆಬ್ಬೆರಳೇ! ‘ಇಷ್ಟ ಇಲ್ಲ *ಅಂತ ಯಾರು ಹೇಳಿದ್ದು*’ ಅಂದ ಕಣೇ ಅವನೂ! ನಾಚಿ ಮುಖ ಕೆಂಪಾಗಿತ್ತು, ಅದಕ್ಕೇ ನಾನು ರೇಗಿಸಿದ್ದು. ಅರ್ಧ ಮಾತು ಹಿಡ್ಕೊಂಡು ಇಷ್ಟು ದಿನ ಕೊರಗಿದೆಯಾ?”

ಅಂತ...

ಒಂದು ‘ಅಂತ’ ಕೇಳಿಸದೆ ಹೋಗಿದ್ದಕ್ಕೆ ಅವಳು ಊರೇ ಬಿಡಲು ಹೊರಟಿದ್ದಳು!

ಮುಂದೆ ಹೇಗೆ ಸೇತುವೆ ದಾಟಿದಳೋ, ಹೇಗೆ ಲಿಫ್ಟಿನಲ್ಲಿ ಇಳಿದಳೋ ಅವಳಿಗೇ ನೆನಪಿಲ್ಲ. ಚಹಾದಂಗಡಿಯ ಮುಂದೆ ಏದುಸಿರು ಬಿಡುತ್ತ ನಿಂತಾಗ ಕಣ್ಣಿಗೆ ಬಿದ್ದದ್ದು ಅದೇ ಹಳದಿ ಹೆಲ್ಮೆಟ್.

ಅದರ ಕೆಳಗೆ ಯಾರೂ ಇರಲಿಲ್ಲ. ಬೆಂಚಿನ ತುದಿಯನ್ನು ಶುಭ್ರವಾಗಿ ಒರೆಸಿ, ಮೇಲೆ ಹೆಲ್ಮೆಟ್ ಇಟ್ಟಿದ್ದರು.

“ನಿನ್ನ ಜಾಗ,” ಎಂದ ಕಂಬಿಯಣ್ಣ. “ಇವನು ಮೇಲೆ ಹತ್ತಿ ಬಂದ ದಿನದಿಂದ ಹಿಡಿದಿಟ್ಟಿದಾನೆ. ನನ್ನನ್ನೂ ಕೂರೋಕೆ ಬಿಡಲ್ಲ, ಮಹಾರಾಯ!”

ಅವಳು ಹೆಲ್ಮೆಟ್ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಕೂತು, ಮೊದಲ ಸಲ ಅಲ್ಲಿಂದ ಮೇಲೆ ನೋಡಿದಳು.

ಅಬ್ಬಾ! ಮುಗಿಲಿಗೆ ಚುಚ್ಚಿಟ್ಟ ಹಾಗೆ ನಿಂತ ಆ ಕಬ್ಬಿಣ, ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಾಜು. ಅಷ್ಟೆತ್ತರದಲ್ಲಾ ತಾನಿದ್ದದ್ದು? ಅಷ್ಟು ಪುಟ್ಟದರಲ್ಲಾ? ಸ್ಟೂಲ್ ಹತ್ತಲು ಹೆದರುವವನು, ಕಣ್ಣು ಮುಚ್ಚಿಕೊಂಡು ಅಲ್ಲಿಗಾ ಹತ್ತಿ ಬಂದದ್ದು? ಅವಳ ಮೈ ಜುಮ್ಮೆಂದಿತು. ಮಂಜಿನ ಬೆಳಗೂ ಅವಳನ್ನು ಹೀಗೆ ಮೂಕಳನ್ನಾಗಿಸಿರಲಿಲ್ಲ.

“ದಿನಾ ಅದನ್ನೇ ನೋಡಿ ನೋಡಿ ಕತ್ತು ಉಳುಕಿಸ್ಕೊಂಡಿದಾನೆ,” ಎಂದಳು ಅಕ್ಕ.

ಅವನೆಲ್ಲಿ? ಅಲ್ಲೇ, ಸಿಮೆಂಟ್ ಚೀಲಗಳ ಆಚೆ, ಬೆನ್ನು ತಿರುಗಿಸಿ ನಿಂತಿದ್ದ. ಎದುರೆದುರು ಮಾತಾಡುವ ಧೈರ್ಯ ಸಾಲದೆ ವಾಕಿಟಾಕಿಯನ್ನು ಬಾಯಿಗೆ ಹಿಡಿದಿದ್ದ. ಅವಳ ಸೊಂಟದಲ್ಲಿದ್ದ ವಾಕಿಟಾಕಿ ಕಿರ್ರೆಂದಿತು.

“ಹಕ್ಕಿ... ನೆಲ ಮಾತಾಡ್ತಿದೀನಿ. ನಿನ್ನನ್ನ ಬೇರೆ ಊರಿಗೆ ಕರೆದಿದಾರೆ ಅಂತ ಆಫೀಸಿನಲ್ಲಿ ಗೊತ್ತಾಯ್ತು. ನೀನು ಹೋಗೋದು ನನಗಿಷ್ಟ ಇಲ್ಲ.”

‘ನೀವು’ ಹೋಗಿ ‘ನೀನು’ ಆಗಿತ್ತು! ಅವಳು ಕಣ್ಣೀರಿನಲ್ಲೇ ನಕ್ಕು ಗುಂಡಿ ಒತ್ತಿದಳು.

“ಮಾತು ಮುಗೀತಾ? ಇಲ್ಲ, ಮುಂದೆ ‘ಅಂತ’ ಏನಾದ್ರೂ ಇದೆಯಾ?”

ಅವನು ತಿರುಗಿದ. ವಾಕಿಟಾಕಿ ಕೆಳಗಿಳಿಸಿ, ಅವಳ ಕಣ್ಣು ನೋಡಿಯೇ ಹೇಳಿದ.

“ಇಲ್ಲ. ಪೂರ್ತಿ ಮಾತೇ ಅಷ್ಟು.”

ಅವಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಹಾಗಿದ್ರೆ ಬಾ, ಕೂತ್ಕೋ. ಹಕ್ಕಿ ಎಲ್ಲಿಗೂ ಹೋಗಲ್ಲ... ಚಹಾ ಆರ್ತಿದೆ.”