ಉಳಿದ ಪೆಟ್ರೋಲ್ ಹೋದ ದಾರಿ

ಕಗ್ಗದಾಸಪುರದ ಕೆರೆಯ ಮೇಲಿಂದ ಮಂಜು ಇನ್ನೂ ಎದ್ದಿರಲಿಲ್ಲ. ಜಡೆ ಹೆಣೆದುಕೊಳ್ಳುತ್ತಾ ಅಂಗಳಕ್ಕೆ ಬಂದ ಯಶೋದ, ಅಪ್ಪನ ಗಾಡಿಯನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಗಾಡಿಯ ಮೈತುಂಬಾ ಕೆಂಪು ಉಲ್ಲನ್ ದಾರದ ತುಂಡುಗಳು. ಬಾನೆಟ್ ಮೇಲೆ, ಟಾಪಿನ ಮೇಲೆ, ಹಿಂದಿನ ತೊಟ್ಟಿಯ ಅಂಚಿನಲ್ಲಿ, ಎಲ್ಲಿ ನೋಡಿದರೂ ಬೆರಳುದ್ದದ ಕೆಂಪು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಡ್ರೈವರ್ ಆದಿನಾರಾಯಣ ಬಟ್ಟಲಲ್ಲಿ ಮೈದಾ ಅಂಟು ಹಿಡಿದು, ಪೂಜೆಗೆ ಕೂತವನ ಶ್ರದ್ಧೆಯಲ್ಲಿ ಇನ್ನೊಂದು ದಾರ ಅಂಟಿಸುತ್ತಿದ್ದ.

ಆ ದಾರ ತನ್ನದೇ ಎಂದು ಅವಳಿಗೆ ಕೂಡಲೇ ಗೊತ್ತಾಯಿತು. ಹಲಸೂರಿನ ಸ್ಕೂಲಿನಲ್ಲಿ ಹುಡುಗಿಯರಿಗೆ ಹೆಣಿಗೆ ಕಲಿಸಲು ತಂದಿಟ್ಟಿದ್ದ ಉಂಡೆ. ನಿನ್ನೆ ಸೀಟಿನ ಮೇಲೆ ಮರೆತಿದ್ದಳು.

ಅವಳ ಸೋದರತ್ತೆ ಪಿಳ್ಳಮ್ಮ ಆಗಲೇ ತುಳಸಿಕಟ್ಟೆಯ ಹತ್ತಿರ ನಿಂತು, ಇದು ಮಾಟವೇ ಸರಿ, ಕೆಂಪು ದಾರ ಅಂದ್ರೆ ಇನ್ನೇನು ಅಂತ ತೀರ್ಮಾನ ಮಾಡಿಯಾಗಿತ್ತು.

"ನನ್ನ ಉಲ್ಲನ್ ಯಾಕೆ ಕತ್ತರಿಸಿದ್ರಿ?" ಯಶೋದ ಕೇಳಿದಳು.

ಅವನು ತಿರುಗಿದ. ಕೇಳಿಸಲಿಲ್ಲವೇನೋ ಎಂಬಂತೆ ಅವಳ ತುಟಿಗಳನ್ನೇ ನೋಡಿದ. ಅವಳಿಗೆ ಕೋಪ ಬಂತು. ಅದರ ಬೆನ್ನಿಗೇ ಯಾಕೋ ನಾಚಿಕೆಯೂ ಬಂತು.

"ಗಾಳಿ ಕಣ್ಣಿಗೆ ಕಾಣಲ್ವಲ್ಲ ಟೀಚರಮ್ಮ," ಅಂದ ಆದಿನಾರಾಯಣ. "ಅದಕ್ಕೆ ದಾರ. ಅದು ಯಾವ ಕಡೆ ಹೋಗುತ್ತೆ ಅಂತ ಇವು ಹೇಳ್ತಾವೆ."

ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು ಬಂದಿತ್ತು, ಕೂಪನ್ನು ಕೂಡ ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತಿತ್ತು. ಯಶೋದಳ ಅಪ್ಪ ಚಿಕ್ಕವೆಂಕಟಪ್ಪನ ತೋಟದ ತರಕಾರಿ ದಿನವೂ ದಂಡಿನ ಆಸ್ಪತ್ರೆಗೆ ಹೋಗಬೇಕು, ಮಿಕ್ಕಿದ್ದು ಶಿವಾಜಿನಗರದ ಮಾರ್ಕೆಟ್ಟಿಗೆ. ಅದಕ್ಕೆಂದೇ ಅವನ ಬಳಿ ಒಂದು ಹಳೇ ಗಾಡಿಯಿತ್ತು. ಮುಂದೆ ಮೂವರು ಒತ್ತಾಗಿ ಕೂರುವಷ್ಟು ಜಾಗ, ಹಿಂದೆ ಬಾಯಿ ತೆರೆದ ತೊಟ್ಟಿ. ಊರವರು ಅದನ್ನು ಮರಿಲಾರಿ ಅನ್ನುತ್ತಿದ್ದರು. ತಿಂಗಳು ಮುಗಿಯುವ ಮೊದಲೇ ಮರಿಲಾರಿಯ ಹೊಟ್ಟೆ ಒಣಗುತ್ತಿತ್ತು. ಒಂದು ದಿನ ತರಕಾರಿ ತಪ್ಪಿದರೂ ಬೇರೆಯವರಿಗೆ ಕೊಡುತ್ತೇವೆ ಅಂತ ಆಸ್ಪತ್ರೆಯವರು ಹೇಳಿಬಿಟ್ಟಿದ್ದರು.

ಆದಿನಾರಾಯಣ ಅಲ್ಲಿವರೆಗೆ ವಿಮಾನದ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವನು. ದಿನವಿಡೀ ರಿವೆಟ್ ಬಡಿಯುವ ಸದ್ದಿಗೆ ಅವನ ಎಡಗಿವಿ ಮಂದವಾಗಿತ್ತು. ಇನ್ನು ಆ ಸದ್ದಿನಲ್ಲಿದ್ದರೆ ಬಲಗಿವಿಯೂ ಹೋಗುತ್ತದೆ ಅಂತ ಡಾಕ್ಟರು ಹೆದರಿಸಿದ ಮೇಲೆ ಕೆಲಸ ಬಿಟ್ಟಿದ್ದ. ದೂರದ ನೆಂಟರ ಪೈಕಿ, ಹಲಸೂರಿನಲ್ಲಿ ತಾಯಿಯ ಜೊತೆ ಇರುವ ಹುಡುಗ, ನಡತೆ ಒಳ್ಳೇದು ಅಂತ ಚಿಕ್ಕವೆಂಕಟಪ್ಪ ಕರೆದು ಸ್ಟೀರಿಂಗ್ ಕೊಟ್ಟಿದ್ದ.

ಆದರೆ ಗಾಡಿ ಓಡುವಾಗ ಡ್ರೈವರ್ ಹಿಂದೆ ತಿರುಗಿ ದಾರ ನೋಡುವ ಹಾಗಿಲ್ಲ. ಮಾರ್ಕೆಟ್ಟಿನಲ್ಲಿ ತರಕಾರಿ ಮಾರಲು ದಿನವೂ ಜೊತೆಗೆ ಬರುವ ಪಿಳ್ಳಮ್ಮನಿಗೆ ಕಣ್ಣು ಅಷ್ಟಕ್ಕಷ್ಟೆ. ಹಾಗಾಗಿ ಯಶೋದಳೇ ಸೀಟಿನ ಮೇಲೆ ಮಂಡಿಯೂರಿ, ಹಿಂಬದಿಯ ಸಣ್ಣ ಗಾಜಿಗೆ ಹಣೆ ಆನಿಸಿ ಕೂತಳು. ಮದ್ರಾಸ್ ರಸ್ತೆಗೆ ಬಂದದ್ದೇ ಗಾಡಿ ವೇಗ ಹಿಡಿಯಿತು. ಇಕ್ಕೆಲದ ಮರಗಳು ಹಿಂದಕ್ಕೆ ಹರಿದವು. ಕೆಂಪು ದಾರಗಳು ಒಮ್ಮೆಗೇ ಜೀವ ಬಂದಂತೆ ಎದ್ದವು.

"ಏನ್ ಕಾಣ್ತು?"

"ಟಾಪಿನ ಹಿಂದಿನ ಅಂಚಿನವು ಎಣ್ಣೆ ಹಚ್ಚಿ ಬಾಚಿದ ಹಾಗೆ ಮಲಗಿದಾವೆ," ಅಂದಳು. "ತೊಟ್ಟಿಯವು ಹಾಗಿಲ್ಲ. ಕುಣೀತಾವೆ. ಹಿಂದಕ್ಕೆ ಹೋಗೋದು ಬಿಟ್ಟು ನಮ್ಮ ಕಡೇನೇ ತಿರುಗಿ ನೋಡ್ತಿದಾವೆ."

ಹೇಳಿ ತಿರುಗಿದರೆ ಅವನೂ ರಸ್ತೆ ಬಿಟ್ಟು ಅವಳ ಕಡೆಗೇ ತಿರುಗಿದ್ದ. ಎಡಗಿವಿಗೆ ಕೇಳದವನು ಮಾತನ್ನು ಮುಖದಲ್ಲೇ ಓದಬೇಕಿತ್ತು. ಅದು ಅವಳಿಗೆ ಅಂದು ಗೊತ್ತಾಯಿತು. ಗೊತ್ತಾದ ಮೇಲೂ ಆ ನೋಟ ತಾಕಿದ ಕಡೆಯೆಲ್ಲ ಬೆಚ್ಚಗಾಗುವುದು ನಿಲ್ಲಲಿಲ್ಲ.

ಗಾಳಿಯನ್ನು ತೊಟ್ಟಿಯೊಳಗೆ ಬೀಳಲು ಬಿಡಬಾರದು, ಅದು ಒಳಗೆ ಬಿದ್ದು ಸುತ್ತುತ್ತಾ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ ಅಂತ ಅವನು ವಿವರಿಸಿದ. ಟಾಪಿನಿಂದ ಹಿಂಬಾಗಿಲವರೆಗೆ ಇಳಿಜಾರಾಗಿ ಒಂದು ಹೊದಿಕೆ ಬೇಕು. ಅದರ ಮೇಲೆ ಗಾಳಿ ಜಾರಿಕೊಂಡು ಹೋಗಬೇಕು.

ಹೊದಿಕೆಗಾಗಿ ಮೂವರೂ ಶಿವಾಜಿನಗರದಲ್ಲಿ ಡೇರೆ ಹೊಲಿಯುವ ಸನಾವುಲ್ಲಾ ಸಾಹೇಬರ ಅಂಗಡಿಗೆ ಹೋದರು. ಸಾಹೇಬರು ಅಳತೆ ಕೇಳಿ, ಇದು ಡೇರೆಯೋ ದೋಣಿಯೋ ಅಂತ ನಕ್ಕರು. ಮೊದಲ ಹೊದಿಕೆ ಗಾಳಿಗೆ ಉಬ್ಬಿ, ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ಪಟಪಟ ಬಡಿದು ಹರಿದುಹೋಯಿತು. ಆಮೇಲೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ಒಳಗೆ ಕಟ್ಟಿದರು. ಅಂಚುಗಳನ್ನು ಬಿಗಿಯಾಗಿ ಹೇಗೆ ಮಡಿಸಿ ಹೊಲಿಯಬೇಕು ಎಂದು ಯಶೋದಳೇ ತನ್ನ ಸೆರಗಿನ ತುದಿಯಲ್ಲಿ ಮಡಿಸಿ ತೋರಿಸಿದಳು. ಬಂಪರಿನ ಕೆಳಗೆ ಗಾಳಿ ನುಗ್ಗದಂತೆ ಆದಿನಾರಾಯಣ ಒಂದು ತಗಡು ಬಗ್ಗಿಸಿ ಕೂರಿಸಿದ. ಟಾಪಿನ ಮುಂದಿನ ಚೂಪು ಅಂಚಿಗೆ ಇನ್ನೊಂದು ದುಂಡನೆಯ ತಗಡು.

ಪರೀಕ್ಷೆಯ ದಿನ ಚಿಕ್ಕವೆಂಕಟಪ್ಪ ತಾನೇ ಬಂದು ಕೂತ. ಪ್ರತಿ ಸಲಕ್ಕೂ ಒಂದೊಂದೇ ಡಬ್ಬಿ ಪೆಟ್ರೋಲು. ಹೊದಿಕೆ ತೆಗೆದು ಓಡಿಸಿದಾಗ ಗಾಡಿ ಕೆ.ಆರ್. ಪುರದ ಕೆರೆ ಏರಿಯ ಮೇಲೆ ಕೆಮ್ಮಿ ನಿಂತಿತು. ಮತ್ತೆ ಮೊದಲು ಹೊರಟ ಕಡೆಯಿಂದಲೇ, ಅಷ್ಟೇ ಪೆಟ್ರೋಲು ತುಂಬಿ, ಹೊದಿಕೆ ಕಟ್ಟಿ, ಅದೇ ವೇಗದಲ್ಲಿ ಬಿಟ್ಟರೆ ಏರಿ ದಾಟಿತು, ಊರು ದಾಟಿತು, ಊರಾಚೆಯ ಹುಣಸೆ ತೋಪಿನ ನೆರಳಿಗೆ ಹೋಗಿ ನಿಂತಿತು. ಚಿಕ್ಕವೆಂಕಟಪ್ಪ ಕೆಳಗಿಳಿದು ಹೊದಿಕೆಯನ್ನು ಕರುವಿನ ಬೆನ್ನು ಸವರುವ ಹಾಗೆ ಸವರಿದ. ಇನ್ನು ತಿಂಗಳು ದಾಟುತ್ತೆ ಬಿಡು ಅಂದ.

ದಿನವೂ ಬೆಳಿಗ್ಗೆ ಮರಿಲಾರಿ ಆಸ್ಪತ್ರೆಗೆ ಓಡುತ್ತಿತ್ತು. ಸಂಜೆ ಮಾರ್ಕೆಟ್ಟಿನಿಂದ ಪಿಳ್ಳಮ್ಮನನ್ನು, ಹಲಸೂರಿನ ಸ್ಕೂಲಿನಿಂದ ಯಶೋದಳನ್ನು ಹತ್ತಿಸಿಕೊಂಡು ಮನೆಗೆ. ಪಿಳ್ಳಮ್ಮ ನಡುವೆ ಕೂರುತ್ತಿದ್ದಳು. ಎಲೆಯಡಿಕೆಯ ಘಮ, ದಪ್ಪನೆಯ ಭುಜ, ದೊಡ್ಡ ತುರುಬು, ಒಟ್ಟಿನಲ್ಲಿ ಒಂದು ಗೋಡೆ. ಆದರೆ ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಗೋಡೆ ತೂಕಡಿಸುತ್ತಿತ್ತು. ತುರುಬು ಮುಂದಕ್ಕೆ ವಾಲಿದಾಗ ಅದರ ಹಿಂದೆ ಒಂದು ಕಿಟಕಿ ತೆರೆದಂತಾಗಿ, ಆಚೆ ಕಡೆ ಅವನ ಕಣ್ಣು ಕಾಣುತ್ತಿತ್ತು. ತುರುಬು ಎದ್ದರೆ ಕಿಟಕಿ ಮುಚ್ಚುತ್ತಿತ್ತು. ಆ ಮುಚ್ಚಿ ತೆರೆಯುವ ನಡುವೆಯೇ ಅವರ ಮಾತುಕತೆ.

ಅವಳು ಮಾತಾಡಿದಾಗಲೆಲ್ಲ ಅವನು ಗಾಡಿ ನಿಧಾನ ಮಾಡಿ ತಿರುಗುತ್ತಿದ್ದ. ಯಾಕೆ ಹೀಗೆ ತೆವಳ್ತೀರಿ ಅಂತ ಅವಳು ರೇಗಿಸಿದಳು.

"ಜೋರಾಗಿ ಹೋದಷ್ಟೂ ಗಾಳಿ ಎದುರು ನಿಲ್ಲುತ್ತೆ," ಅಂದ. "ನಿಧಾನ ಹೋದ್ರೆ ಅದೂ ದಾರಿ ಬಿಡುತ್ತೆ. ಪೆಟ್ರೋಲ್ ಉಳಿಸ್ತಿದೀನಿ ಟೀಚರಮ್ಮ."

"ಪೆಟ್ರೋಲ್ ಉಳಿಸೋರು ರಸ್ತೆ ನೋಡ್ಬೇಕು."

"ರಸ್ತೆ ಎಲ್ಲಿಗೂ ಹೋಗಲ್ಲ. ಅಲ್ಲೇ ಇರುತ್ತೆ."

ಒಂದು ಸಂಜೆ ಯಶೋದ, ಹಲಸೂರು ಕೆರೆಗೆ ಬಿಳಿ ಹಕ್ಕಿಗಳು ಬಂದಿವೆಯಂತೆ, ಸ್ಕೂಲಿನ ಮಕ್ಕಳೆಲ್ಲ ನೋಡಿದರು, ನಾನೇ ನೋಡಿಲ್ಲ ಅಂದಳು. ಅವನು ಗಾಡಿಯನ್ನು ಕೆರೆಯ ಕಡೆ ತಿರುಗಿಸಿದ. ನೀರಿನ ಮೇಲೆ ಸಂಜೆಯ ಬಣ್ಣ ಹರಡಿತ್ತು. ಹಕ್ಕಿಗಳು ಯಾರೋ ಒಗೆದು ಒಣಹಾಕಿದ ಬಟ್ಟೆಗಳ ಹಾಗೆ ದಡದ ಮರದಲ್ಲಿ ಕೂತಿದ್ದವು. ಅವರು ಬಂದ ದಾರಿಗೆ ಹಿಂತಿರುಗಲಿಲ್ಲ. ಕೆರೆ ಬಳಸಿ, ಬಾಣಸವಾಡಿಯ ಹೊಲಗಳ ನಡುವೆ ಹಾದು, ದೊಡ್ಡ ಸುತ್ತು ಹಾಕಿ ಮದ್ರಾಸ್ ರಸ್ತೆ ಸೇರಿದರು.

ಮರುದಿನ ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಸ್ಕೂಲಿನ ಗೇಟಿನಿಂದ ಹೊರಟ ಗಾಡಿ ತಾನಾಗೇ ಎಂಬಂತೆ ಕೆರೆಯ ಕಡೆ ತಿರುಗಿತು. ಅದರ ಮರುದಿನವೂ.

ಅವು ಯಶೋದಳ ಬದುಕಿನ ಅತ್ಯಂತ ಉದ್ದದ ಸಂಜೆಗಳು. ಬಾಣಸವಾಡಿಯ ರಾಗಿ ಹೊಲಗಳು ಗಾಳಿಗೆ ಅಲೆಯಾಡುತ್ತಿದ್ದವು. ಎಲ್ಲೋ ರೈಲು ಕೂಗುತ್ತಿತ್ತು. ಅವನು ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆ ತಟ್ಟಿದ ಕತೆ ಹೇಳುತ್ತಿದ್ದ. ಅವಳು ಮಗ್ಗಿ ತಪ್ಪುವ ಹುಡುಗಿಯರ ಕತೆ ಹೇಳುತ್ತಿದ್ದಳು. ಹೇಳಬೇಕಾದದ್ದನ್ನು ಮಾತ್ರ ಇಬ್ಬರೂ ನಾಳೆಗೆ ಇಡುತ್ತಿದ್ದರು. ಬೆಳಿಗ್ಗೆ ಗಾಳಿಯಿಂದ ಉಳಿಸಿದ್ದನ್ನೆಲ್ಲ ಸಂಜೆ ಹೀಗೆ ಖರ್ಚು ಮಾಡುತ್ತಿದ್ದೇವೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ತಿಂಗಳ ಕೊನೆಗೆ ಮರಿಲಾರಿಯ ಹೊಟ್ಟೆ ಮತ್ತೆ ಒಣಗಿತು. ಚಿಕ್ಕವೆಂಕಟಪ್ಪ ಯಾರಿಂದಲೋ ಅಂಗಲಾಚಿ ಒಂದು ಡಬ್ಬಿ ತಂದು ಹೇಗೋ ಸಂಭಾಳಿಸಿದ. ಮರುತಿಂಗಳೂ ಅದೇ ಕತೆಯಾದಾಗ ಅವನ ಮುಖ ಕಪ್ಪಿಟ್ಟಿತು. ಅದೇ ವಾರ ಹೊಸಕೋಟೆಯಿಂದ ಯಶೋದಳನ್ನು ನೋಡಲು ಗಂಡಿನ ಕಡೆಯವರು ಬರುವ ಸುದ್ದಿಯೂ ಬಂದಿತ್ತು. ಡ್ರೈವರುಗಳು ಪೆಟ್ರೋಲ್ ಕದ್ದು ಮಾರಿಕೊಳ್ಳುತ್ತಾರೆ ಅಂತ ಮಾರ್ಕೆಟ್ಟಿನಲ್ಲಿ ಯಾರೋ ಅವನ ಕಿವಿ ಊದಿದ್ದರು.

ಅಂದು ಮುಸ್ಸಂಜೆ ಗಾಡಿ ಅಂಗಳಕ್ಕೆ ಬಂದಾಗ ಚಿಕ್ಕವೆಂಕಟಪ್ಪ ಜಗುಲಿಯ ಮೇಲೆ ಕಾಯುತ್ತಿದ್ದ. ಯಶೋದ ಒಳಗೆ ಹೋಗಿ ಕೈಕಾಲು ತೊಳೆಯುತ್ತಿದ್ದಳು. ಅಪ್ಪನ ದನಿ ಕೇಳಿ ಚೊಂಬು ಅವಳ ಕೈಯಲ್ಲೇ ನಿಂತಿತು.

"ಪರೀಕ್ಷೆ ನಾನೇ ನೋಡಿದೀನಿ. ಪೆಟ್ರೋಲ್ ಉಳೀಬೇಕು. ಉಳಿದದ್ದು ಎಲ್ಲಿಗೆ ಹೋಯ್ತು, ಆದಿ?"

ಆದಿನಾರಾಯಣ ಕೈಯಲ್ಲಿದ್ದ ಕೀಲಿಯನ್ನೇ ನೋಡಿದ.

"ಮಾರಿದ್ಯಾ?"

ಆಗಲೂ ಮಾತಿಲ್ಲ. ಕಿವಿ ಕೇಳಿಸದೆ ಅಲ್ಲ, ಅದು ಯಶೋದಳಿಗೆ ಗೊತ್ತು. ಹಾಗಾದ್ರೆ ನಾಳೆಯಿಂದ ಬರಬೇಡ ಅಂದ ಅಪ್ಪ. ಆದಿನಾರಾಯಣ ಕೀಲಿಯನ್ನು ಜಗುಲಿಯ ಮೇಲಿಟ್ಟು, ಬಾಗಿ ಕೈಮುಗಿದು, ನಡೆದೇ ಹೊರಟ. ಹಲಸೂರಿಗೆ ಅಷ್ಟು ದೂರ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಯಶೋದ ಹೊರಗೆ ಬಂದಾಗ ಅವಳ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪ, ಅವರು ಮಾರಿಲ್ಲ," ಅಂದಳು. "ದಿನಾ ಸಂಜೆ ನಾವು ಹಲಸೂರು ಕೆರೆ ಬಳಸಿ ಬಾಣಸವಾಡಿ ಮೇಲೆ ಬರ್ತಿದ್ವಿ. ಮೊದಲು ಕೇಳಿದ್ದು ನಾನು. ಆಮೇಲೆ ಬೇಡ ಅನ್ನದೆ ಇದ್ದದ್ದೂ ನಾನೇ."

"ಯಾತಕ್ಕೆ?"

"ಮನೆ ಬೇಗ ಬರ್ದೆ ಇರ್ಲಿ ಅಂತ."

ಚಿಕ್ಕವೆಂಕಟಪ್ಪ ಅಕ್ಕನ ಕಡೆ ತಿರುಗಿದ. ನೀನು ಜೊತೇಲೇ ಇದ್ದೆಯಲ್ಲ ಅಂತ ಕೇಳಿದ. ಪಿಳ್ಳಮ್ಮ ಅಡಿಕೆ ಕತ್ತರಿಸುತ್ತಲೇ, ಬಾಣಸವಾಡಿಯ ತಂಗಾಳಿಗೆ ನನಗೆ ಒಳ್ಳೇ ನಿದ್ದೆ ಬರ್ತಿತ್ತು, ಹುಡುಗರಿಬ್ಬರೂ ಮರ್ಯಾದೆಯಿಂದ ಇದ್ದರು, ನಾನ್ಯಾಕೆ ಬೇಡ ಅನ್ನಲಿ ಅಂದಳು.

ಆ ರಾತ್ರಿ ಅಪ್ಪ ಮುದ್ದೆ ಮುರಿದವನು ಉಣ್ಣದೆ ಎದ್ದ. ಯಶೋದಳಿಗೆ ಬೈಯಲೂ ಇಲ್ಲ. ಬೈದಿದ್ದರೇ ವಾಸಿಯಿತ್ತು ಅಂದುಕೊಂಡು ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಕಳ್ಳ ಅನ್ನಿಸಿಕೊಂಡು ಕತ್ತಲಲ್ಲಿ ನಡೆದುಹೋದವನ ಬೆನ್ನು ಕಣ್ಣಿಂದ ಹೋಗಲಿಲ್ಲ.

ಬೆಳಗಾಗುವಾಗ ಅಂಗಳದಲ್ಲಿ ಎತ್ತಿನ ಕೊರಳ ಗಂಟೆ ಕೇಳಿತು. ಡ್ರೈವರಿಲ್ಲದ ಮರಿಲಾರಿ ಮೂಲೆಯಲ್ಲಿ ನಿಂತಿತ್ತು. ಅಪ್ಪ ತರಕಾರಿಯನ್ನು ಎತ್ತಿನ ಗಾಡಿಗೆ ಹೇರಿ, ಮಗಳಿಗೆ ಹತ್ತು ಅಂದ. ಬೈಯಪ್ಪನಹಳ್ಳಿ ದಾಟಿದರು. ಆಮೇಲೆ ಎತ್ತುಗಳಿಗೆ ಹೇಳುವವನ ಹಾಗೆ, ಮುಂದಕ್ಕೇ ನೋಡುತ್ತಾ ಅಂದ:

"ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದ್ರೆ ನನ್ನ ಎರಡು ತಿಂಗಳ ಪೆಟ್ರೋಲ್ ಉಳೀತಿತ್ತು."

ಯಶೋದಳಿಗೆ ನಗು ಬಂತೋ ಅಳು ಬಂತೋ, ಅವಳಿಗೇ ತಿಳಿಯದೆ ಸೆರಗು ಬಾಯಿಗೆ ಹೋಯಿತು. ಹೊಸಕೋಟೆಯವರಿಗೆ ಏನು ಹೇಳ್ತೀರಪ್ಪ ಅಂತ ಮೆಲ್ಲಗೆ ಕೇಳಿದಳು. ಬರಬೇಡಿ ಅಂತ ಹೇಳೋಕೆ ಕೂಪನ್ನು ಬೇಕಾಗಿಲ್ಲ ಅಂದ ಅವನು.

ಹಲಸೂರಿನ ಸಣ್ಣ ಬೀದಿಯೊಂದರಲ್ಲಿ ಗಾಡಿ ನಿಂತಿತು. ಬಾಗಿಲಲ್ಲಿ ರಂಗೋಲಿ ಇಡುತ್ತಿದ್ದ ಹೆಂಗಸು ಆದಿನಾರಾಯಣನ ತಾಯಿ ಚಿಕ್ಕಮುನಿಯಮ್ಮ. ಬಂದವರು ಯಾರೆಂದು ತಿಳಿದು, ಜಗಳಕ್ಕೇ ಬಂದರೇನೋ ಅಂತ ಆಕೆ ಸೆರಗು ಬಿಗಿದುಕೊಂಡಳು. ಚಿಕ್ಕವೆಂಕಟಪ್ಪ ರುಮಾಲು ತೆಗೆದು, ನಿನ್ನೆ ನಿಮ್ಮ ಹುಡುಗನಿಗೆ ಆಡಬಾರದ ಮಾತಾಡಿದೆ ತಾಯಿ, ಒಳಗೆ ಕೂತು ಮಾತಾಡೋಣ ಅಂದ. ಬಾಗಿಲಲ್ಲಿ ಎದುರಾದ ಆದಿನಾರಾಯಣನ ಭುಜ ಮುಟ್ಟಿ, ಎತ್ತು ನೋಡಿಕೋ ಹೋಗು ಅಂತ ಹೊರಗೆ ಕಳಿಸಿದ.

ಅವನು ಬಂದು ಎತ್ತಿನ ಹಗ್ಗ ಹಿಡಿದು ನಿಂತ. ರಾತ್ರಿ ನಿದ್ದೆಯಿಲ್ಲದ ಕಣ್ಣು. ಯಶೋದ ಗಾಡಿಯ ಅಂಚಿಗೆ ಕೈಯೂರಿ, ಹಸಿ ಬೀನ್ಸಿನ ಮೂಟೆಗಳ ನಡುವೆ ಕೂತಿದ್ದಳು. ನಡುವೆ ಅತ್ತೆಯ ತುರುಬಿಲ್ಲ. ಅಷ್ಟು ನೇರವಾಗಿ ಅವನನ್ನು ನೋಡಿ ಅಭ್ಯಾಸವಿಲ್ಲದೆ ಅವಳಿಗೆ ಮಾತೇ ತಡವರಿಸಿತು.

"ಕಳ್ಳ ಅಂದಾಗ ಯಾಕೆ ಸುಮ್ಮನಿದ್ರಿ?"

"ನಿಜ ಹೇಳಿದ್ರೆ ನಿಮ್ಮ ಹೆಸರು ಬರ್ತಿತ್ತು."

"ಬರ್ಲಿ ಅಂತಾನೇ ಅಲ್ವಾ," ಅಂದಳು ಯಶೋದ, "ನಾನು ಇಷ್ಟು ದಿನ ಕಾದದ್ದು."

ಆದಿನಾರಾಯಣನ ಮುಖದಲ್ಲಿ ಬೆಳಕು ನಿಧಾನವಾಗಿ ಹರಡಿತು. ಅವನು ಹಗ್ಗ ಹಿಡಿದಿದ್ದ ಕೈ ಸಡಿಲಿಸಿ, ಗಾಡಿಯ ಅಂಚಿನ ಮೇಲಿದ್ದ ಅವಳ ಕೈಯ ಮೇಲಿಟ್ಟ. ಬೀದಿಯಲ್ಲಿ ಹಾಲಿನವನು ಕೂಗುತ್ತಾ ಹೋದ. ಅವಳು ಕೈ ತೆಗೆಯಲಿಲ್ಲ. ಒಳಗಿನಿಂದ ಕಾಫಿಯ ಘಮ ಬಂತು. ಅದರ ಹಿಂದೆಯೇ, ಯುಗಾದಿ ಕಳೆದ ಮೇಲೆ ಇಟ್ಟುಕೊಂಡರೆ ಹೇಗೆ ಅಂತ ಕೇಳುತ್ತಿದ್ದ ಚಿಕ್ಕಮುನಿಯಮ್ಮನ ದನಿ.